ಗಾಂವಠಾಣದ ಪವನಚಕ್ಕಿ

ಇಪ್ಪತ್ತೇಳು ವರ್ಷ ಬೆಳಿಗ್ಗೆ ಒಂದೇ ಲೋಕಲ್ ಹಿಡಿದು ಮುಲುಂಡಿನಿಂದ ದಾದರಿಗೆ ಹೋಗಿಬಂದವಳಿಗೆ ಒಂದು ಸೋಮವಾರ ಹೋಗಬೇಕಾದ ಜಾಗವೇ ಇಲ್ಲವಾಯಿತು. ನಾನಿದ್ದದ್ದು ನೀರಿನ ಪಂಪು ತಯಾರಿಸುವ ಕಂಪನಿಯೊಂದರ ಡ್ರಾಯಿಂಗ್ ಆಫೀಸಿನಲ್ಲಿ. ಮೈಸೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುವಾಗ ತರಗತಿಯಲ್ಲಿ ಇಬ್ಬರೇ ಹುಡುಗಿಯರು. ಮದುವೆಯಾಗಿ ಮುಂಬಯಿಗೆ ಬಂದ ಮೇಲೂ ಆ ಓದನ್ನು ಬಿಡಲಿಲ್ಲ ಎಂಬ ಸಣ್ಣ ಹೆಮ್ಮೆ ನನಗಿತ್ತು. ಕಂಪನಿ ಗುಜರಾತಿಗೆ ಹೊರಟಾಗ, ಬರಲಾಗದವರು ಸ್ವಯಂನಿವೃತ್ತಿ ತೆಗೆದುಕೊಳ್ಳಿ ಎಂದರು. ತೆಗೆದುಕೊಂಡೆ. ಆಗ ನನಗೆ ಐವತ್ಮೂರು.

ಮೊದಲ ವಾರ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದೆ. ಎಂದಿನಂತೆ ಐದಕ್ಕೆ ಎದ್ದು ಡಬ್ಬಿ ಕಟ್ಟಿ, ಗಂಡ ಬ್ಯಾಂಕಿಗೂ ಮಗಳು ಅವಳ ಆಫೀಸಿಗೂ ಹೊರಟ ಮೇಲೆ ಸೀರೆ ಉಟ್ಟು, ಬ್ಯಾಗು ಹೆಗಲಿಗೇರಿಸಿ ಸ್ಟೇಷನ್ನಿಗೆ ಹೋಗುತ್ತಿದ್ದೆ. ಲೇಡೀಸ್ ಡಬ್ಬ ನಿಲ್ಲುವ ಜಾಗದ ಬೆಂಚಿನಲ್ಲಿ ಕೂರುತ್ತಿದ್ದೆ. ಗಾಡಿ ಬರುತ್ತಿತ್ತು, ಒಳಗಿನಿಂದ ನನ್ನ ಗೆಳತಿಯರು ಕೈಮಾಡಿ ಕರೆಯುತ್ತಿದ್ದರು, ಗಾಡಿ ಹೋಗುತ್ತಿತ್ತು. ಐದನೆಯ ದಿನ ಅವರಲ್ಲೊಬ್ಬಳು ಇಳಿದು ಬಂದು ನನ್ನ ಪಕ್ಕ ಕೂತು ನನ್ನ ಕೈ ಹಿಡಿದುಕೊಂಡಳು. ನನ್ನಿಂದಾಗಿ ಅವಳಿಗೆ ಆ ದಿನ ಆಫೀಸಿನ ಹಾಜರಿ ತಪ್ಪಿತು. ಮರುದಿನದಿಂದ ಸ್ಟೇಷನ್ನಿಗೆ ಹೋಗಲಿಲ್ಲ.

ಮನೆಯಲ್ಲಿ ಕೂರಲು ಆಗಲಿಲ್ಲ. ಮಿಕ್ಸರ್ ಬಿಚ್ಚಿ ಜೋಡಿಸಿದೆ. ಬಚ್ಚಲಿನ ನಲ್ಲಿಗಳ ವಾಷರ್ ಎಲ್ಲ ಬದಲಾಯಿಸಿದೆ. ಮಗಳು ಸಂಜೆ ಬಂದು ನೋಡಿದರೆ ಫ್ಯಾನಿನ ರೆಕ್ಕೆಗಳು ಸೋಫಾದ ಮೇಲೆ.

"ಅಮ್ಮ, ಪ್ಲೀಸ್, ಒಂದ್ ಕಡೆ ಕೂತ್ಕೋ ನಾ. ನೀನ್ ಓಡಾಡೋದ್ ನೋಡಿ ನಂಗೇ ಟೆನ್ಷನ್ ಆಗ್ತದೆ," ಎಂದಳು. ಅವಳ ಕನ್ನಡ ಅಷ್ಟೇ.

ಗಂಡ ಮಾತ್ರ, "ಹೊರಗಡೆ ಹೋಗಿ ಸ್ವಲ್ಪ ತಿರುಗಾಡ್ಕೊಂಡ್ ಬಾ. ಮನೇಲಿ ಬಿಚ್ಚೋಕೆ ಇನ್ನೇನೂ ಉಳಿದಿಲ್ಲ," ಎಂದರು.

ಹಾಗೆ ತಿರುಗಾಡುತ್ತ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ನಾನು ಮುಲುಂಡಿನ ಪೂರ್ವದಂಚಿಗೆ ಹೋದೆ. ಅಲ್ಲಿ ಅಪಾರ್ಟ್‌ಮೆಂಟ್ ಟವರುಗಳು ಮುಗಿದು ಉಪ್ಪು ಬೆಳೆಯುವ ಮಿಠಾಗರ್ ಶುರುವಾಗುವ ಕಡೆ ಒಂದು ಗಾಂವಠಾಣವಿದೆ. ನಗರ ಬೆಳೆಯುತ್ತ ಬಂದು ಸುತ್ತುವರಿದರೂ ಕರಗದೆ ಉಳಿದ ಹಳೆಯ ಹಳ್ಳಿ. ಹೆಂಚಿನ ಮನೆಗಳು, ಒಂದು ಕಲ್ಲಿನ ಶಿಲುಬೆ, ಸ್ಕೂಟರು ಮಾತ್ರ ಹೋಗಬಲ್ಲ ಓಣಿ. ಓಣಿಯ ಕೊನೆಯಲ್ಲಿ ದೊಡ್ಡ ಬಾವಿ. ಬಾವಿಯ ಮೇಲೆ ನಾಲ್ಕು ಕಾಲಿನ ಕಬ್ಬಿಣದ ಗೋಪುರ, ಮೂವತ್ತು ಅಡಿ ಇರಬಹುದು, ತುದಿಯಲ್ಲಿ ರೆಕ್ಕೆಗಳಿಲ್ಲದ ಚಕ್ರದ ಬರೀ ಕಡ್ಡಿಗಳು.

ಅದೇನೆಂದು ನನಗೆ ಕಂಡ ಕೂಡಲೇ ಗೊತ್ತಾಯಿತು. ಗಾಳಿಯಿಂದ ನೀರೆತ್ತುವ ಯಂತ್ರ, ಇಲ್ಲಿನವರು ಪವನಚಕ್ಕಿ ಎನ್ನುವುದು. ಚಕ್ರ ತಿರುಗಿದರೆ ಉದ್ದನೆಯ ಸರಳೊಂದು ಮೇಲೆ ಕೆಳಗೆ ಆಡುತ್ತ ಬಾವಿಯೊಳಗಿನ ಪಂಪನ್ನು ನಡೆಸುತ್ತದೆ. ಅದರ ಡ್ರಾಯಿಂಗನ್ನು ನಮ್ಮ ಆಫೀಸಿನ ಹಳೆಯ ಕಡತದಲ್ಲಿ ನೋಡಿದ್ದೆ. ಕಣ್ಣಾರೆ ಕಂಡದ್ದು ಅದೇ ಮೊದಲು.

ಬಾವಿಗೆ ಎದುರಾಗಿದ್ದ ಮನೆಯ ಜಗುಲಿಯಲ್ಲಿ ಎಂಬತ್ತರ ಹತ್ತಿರದ ಹೆಂಗಸೊಬ್ಬರು ಒಣಮೀನು ಬಿಡಿಸುತ್ತ ಕೂತಿದ್ದರು. ಆ ಊರಿನ ಮೂಲದ ಕ್ರೈಸ್ತ ಮನೆತನದವರು. ಊರೆಲ್ಲ ಅವರನ್ನು ಮಾಯ್, ಅಂದರೆ ತಾಯಿ, ಎನ್ನುತ್ತದೆ ಎಂದು ಆಮೇಲೆ ತಿಳಿಯಿತು, ನಾನೂ ಹಾಗೇ ಕರೆದೆ. ನಾವು ಮಾತಾಡುತ್ತಿದ್ದದ್ದು ಮರಾಠಿಯಲ್ಲಿ.

"ಹತ್ತು ನಿಮಿಷದಿಂದ ಅದನ್ನೇ ನೋಡ್ತಿದ್ದೀಯ," ಎಂದರು. "ಭಂಗಾರದವಳೇನು?"

ಹಳೆ ಕಬ್ಬಿಣ ಕೊಳ್ಳುವವಳಲ್ಲ, ಪಂಪಿನ ಕಂಪನಿಯಲ್ಲಿದ್ದವಳು ಎಂದೆ. ಅವರು ಮೀನು ಪಕ್ಕಕ್ಕಿಟ್ಟು ಕೂರಲು ಜಾಗ ಮಾಡಿಕೊಟ್ಟರು.

ಅದನ್ನು ತರಿಸಿದ್ದು ಅವರ ಗಂಡನ ಅಜ್ಜ. ಮಾಯ್ ಮದುವೆಯಾಗಿ ಬಂದಾಗ ಊರಿನ ನೀರೆಲ್ಲ ಅದರದ್ದೇ. ಕಲ್ಲಿನ ತೊಟ್ಟಿಗೆ ನೀರು ಬೀಳುತ್ತಿತ್ತು, ಅಲ್ಲಿಂದ ಹೆಚ್ಚಾದದ್ದು ತರಕಾರಿ ಮಡಿಗಳಿಗೆ ಹರಿಯುತ್ತಿತ್ತು. ಬಟ್ಟೆ ಒಗೆಯುವುದು ಯಾವ ದಿನ ಎಂದು ವಾರ ನೋಡಿ ನಿರ್ಧರಿಸುತ್ತಿರಲಿಲ್ಲ, ಚಕ್ರ ನೋಡಿ ನಿರ್ಧರಿಸುತ್ತಿದ್ದರು. ಚಕ್ರ ತಿರುಗಿದರೆ ಒಂದು ಮನೆಯ ಹೆಂಗಸು ಇನ್ನೊಂದು ಮನೆಗೆ ಕೂಗಿ ಹೇಳುವುದು, ಎಲ್ಲರೂ ಬಟ್ಟೆಯ ಗಂಟು ಹೊತ್ತು ಬರುವುದು. ಹೆಣ್ಣು ಕೊಡುವ ಮಾತು, ಅತ್ತೆಯ ಮೇಲಿನ ದೂರು, ಯಾವ ಬಸುರಿಗೆ ಯಾವ ತಿಂಗಳು, ಎಲ್ಲ ಆ ತೊಟ್ಟಿಯ ಸುತ್ತಲೇ. ಮುನ್ಸಿಪಾಲಿಟಿಯ ನಲ್ಲಿ ಬಂದ ಮೇಲೆ ಯಂತ್ರಕ್ಕೆ ಎಣ್ಣೆ ಬಿಡುವವರಿಲ್ಲವಾಯಿತು. ಒಂದು ಮಳೆಗಾಲದಲ್ಲಿ ಅದು ನಿಂತಿತು. ಮಾಯಿಯ ಮಗ ರೆಕ್ಕೆಯ ತಗಡುಗಳನ್ನು ಬಿಚ್ಚಿ ಕೋಳಿಗೂಡಿಗೆ ಹೊದಿಸಿದ.

"ನವೆಂಬರಿನಲ್ಲಿ ಮೊಮ್ಮಗನ ಮದುವೆ," ಎಂದರು ಮಾಯ್. "ಹಿಂದಿನ ದಿನ ಬ್ಯಾಂಡು ಬಾರಿಸಿಕೊಂಡು ಬಂದು ಈ ಬಾವಿಯಿಂದ ನೀರು ಒಯ್ಯಬೇಕು. ಆ ನೀರಲ್ಲೇ ಮದುಮಗನ ಸ್ನಾನ. ಅದು ನಮ್ಮ ಶಾಸ್ತ್ರ. ಅಷ್ಟರಲ್ಲಿ ಇದು ತಿರುಗಿದರೆ ನೋಡಿಕೊಂಡು ಹೋಗ್ತೀನಿ."

ನಾನು ಎದ್ದು ನಿಂತು, "ತಿರುಗಿಸ್ತೀನಿ," ಎಂದುಬಿಟ್ಟೆ. ಅವರು ನನ್ನ ಹೆಸರನ್ನೂ ಕೇಳಿರಲಿಲ್ಲ.

ಒಬ್ಬಳೇ ಮಾಡುವ ಕೆಲಸವಲ್ಲ. ವೆಲ್ಡಿಂಗ್ ಮಾಡುವವರನ್ನು ಹುಡುಕುತ್ತ ಭಾಂಡುಪ್ ಕಡೆಯ ರಸ್ತೆಯಲ್ಲಿ ಮೂರು ವರ್ಕ್‌ಶಾಪು ಹತ್ತಿ ಇಳಿದೆ. ಎರಡರಲ್ಲಿ ನಕ್ಕರು. ಮೂರನೆಯದರಲ್ಲಿ ಒಬ್ಬ ವೆಲ್ಡರ್ ಕಿಟಕಿಯ ಗ್ರಿಲ್ ಬೆಸೆಯುತ್ತ, ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಹೆಂಡತಿಗೆ, "ರೊಟ್ಟಿ ಇಟ್ಟಿರು, ಬರ್ತೀನಿ," ಎನ್ನುತ್ತಿದ್ದರು. ಕನ್ನಡ ಕೇಳಿ ನಿಂತೆ. ವಿಜಯಪುರ ಕಡೆಯವರು, ನನಗಿಂತ ಎರಡು ಮೂರು ವರ್ಷ ಚಿಕ್ಕವರು, ಮೂವತ್ತು ವರ್ಷದಿಂದ ಇಲ್ಲೇ.

ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

"ಇದನ್ನ ಯಾಕ್ ಮಾಡಾಕತ್ತೀರಿ ಅಕ್ಕಾರ? ಮೋಟಾರ್ ಕುಂದ್ರಿಸಿದ್ರ ಅರ್ಧಾ ತಾಸಿನ ಕೆಲಸ."

"ಮನೇಲಿ ಕೂರೋಕಾಗ್ತಿಲ್ಲ," ಎಂದೆ.

ಅವರು ಕಾಗದ ಮಡಚಿ ಕಿಸೆಗೆ ಹಾಕಿಕೊಂಡರು. "ಐತವಾರ ಬರ್ತೀನ್ರಿ. ಉಳಿದ ದಿನ ನನಗ ಹೊಟ್ಟಿಪಾಡು ಐತಿ."

ಭಾನುವಾರಗಳಲ್ಲಿ ಅವರು, ಉಳಿದ ದಿನಗಳಲ್ಲಿ ನಾನು. ಕೋಳಿಗೂಡಿನಿಂದ ನಾಲ್ಕು ಹಳೆಯ ರೆಕ್ಕೆಗಳು ಗಟ್ಟಿಯಾಗಿಯೇ ಸಿಕ್ಕಿದವು. ಅವನ್ನು ಮಾದರಿಯಾಗಿ ಇಟ್ಟುಕೊಂಡು ಹೊಸ ತಗಡಿನಲ್ಲಿ ಹದಿನೆಂಟು ಕತ್ತರಿಸಿದೆವು, ಬಾಗಿಸಿದೆವು. ಬಾವಿಯೊಳಗಿನ ಪಂಪನ್ನು ಊರಿನ ಗಂಡಸರು ಹಗ್ಗ ಹಾಕಿ ಮೇಲೆತ್ತಿಕೊಟ್ಟರು. ಒಳಗಿನ ಚರ್ಮದ ವಾಷರುಗಳು ಮುಟ್ಟಿದರೆ ಪುಡಿಯಾದವು. ಧಾರಾವಿಗೆ ಹೋಗಿ ಚರ್ಮ ತಂದು, ಎಣ್ಣೆಯಲ್ಲಿ ನೆನೆಹಾಕಿ ನಾನೇ ಕತ್ತರಿಸಿದೆ. ಗೋಪುರವನ್ನೂ ನಾನೇ ಹತ್ತುತ್ತಿದ್ದೆ. ಸೀರೆ ಬಿಟ್ಟು ಮಗಳ ಹಳೆಯ ಟ್ರ್ಯಾಕ್ ಪ್ಯಾಂಟು ಹಾಕಿಕೊಳ್ಳತೊಡಗಿದ್ದೆ. ಮೇಲಿನಿಂದ ಒಂದು ಕಡೆ ಮಿಠಾಗರಿನ ಬಿಳಿ ಚೌಕಗಳು, ಇನ್ನೊಂದು ಕಡೆ ಗೋಡೆಯಂತೆ ನಿಂತ ಟವರುಗಳು ಕಾಣುತ್ತಿದ್ದವು. ಎರಡು ಟವರುಗಳ ನಡುವೆ ಒಂದು ಸಂದಿಯಿತ್ತು. ಸಮುದ್ರದ ಗಾಳಿ ಆ ಸಂದಿಯಲ್ಲಿ ನುಗ್ಗಿ ನೇರ ನಮ್ಮ ಚಕ್ರದ ಮೇಲೆ ಬರುತ್ತಿತ್ತು. ಎಷ್ಟು ಒಳ್ಳೆಯದಾಯಿತು ಎಂದುಕೊಂಡೆ.

ಮೇ ತಿಂಗಳು ಮುಗಿಯುತ್ತ ಬಂದಂತೆ ನನ್ನ ಅವಸರ ಹೆಚ್ಚಿತು. ಮಳೆ ಹಿಡಿಯುವ ಮೊದಲು ಒಂದು ಸಲವಾದರೂ ತಿರುಗುವುದನ್ನು ನೋಡಬೇಕು. ಊಟಕ್ಕೆ ಕೂತರೆ ಅರ್ಧಕ್ಕೇ ಏಳುತ್ತಿದ್ದೆ. ನಾನು ಹೇಳಲೇಬೇಕಾದ ವಿಷಯ ಇಲ್ಲಿ ಬರುತ್ತದೆ. ಇಂಥ ಯಂತ್ರಕ್ಕೆ ಹಿಂದೆ ಒಂದು ಬಾಲವಿರುತ್ತದೆ. ಸಾಮಾನ್ಯ ಗಾಳಿಗೆ ಅದು ಚಕ್ರವನ್ನು ಎದುರುಮುಖವಾಗಿ ಹಿಡಿಯುತ್ತದೆ. ಗಾಳಿ ಮಿತಿ ಮೀರಿದರೆ ಬಾಲ ಪಕ್ಕಕ್ಕೆ ಮಡಚಿಕೊಂಡು ಚಕ್ರವನ್ನು ಗಾಳಿಯಿಂದ ಹೊರಳಿಸುತ್ತದೆ. ಅದೇ ಅದರ ಬ್ರೇಕು. ನಮ್ಮ ಯಂತ್ರದಲ್ಲಿ ಬಾಲದ ಕೀಲು ತುಕ್ಕು ಹಿಡಿದು ಕಲ್ಲಾಗಿತ್ತು.

ಕೊನೆಯ ಭಾನುವಾರ ಮೇಲೆ ಕೂತು ಅವರು ಕೇಳಿದರು, "ಅಕ್ಕಾರ, ಬಾಲ ಮಡಚಂಗಿಲ್ಲ. ಇಳಿಸಿ ಬಿಡಿಸಲೇನ್ರಿ? ಎರಡು ವಾರ ಹಿಡೀತೈತಿ."

"ಆಮೇಲೆ ನೋಡೋಣ," ಎಂದೆ. "ಈಗ ತಿರುಗಲಿ ಮೊದ್ಲು."

ಅವರು ನನ್ನ ಮುಖ ನೋಡಿದರು. ನಾನು ಓದಿದವಳು. ಮತ್ತೆ ಬೋಲ್ಟು ಬಿಗಿಯತೊಡಗಿದರು.

ಆ ಸಂಜೆ ಅದು ತಿರುಗಿತು. ಮೊದಲು ಕಿರುಗುಟ್ಟಿತು, ಒಂದು ಸುತ್ತು ಬಂದು ನಿಂತಿತು, ಮತ್ತೆ ಹೊರಟಿತು. ಸರಳು ಮೇಲೆ ಕೆಳಗೆ ಆಡತೊಡಗಿತು. ಕೊಳವೆಯಿಂದ ಬಹಳ ಹೊತ್ತು ಬರೀ ಗಾಳಿಯ ಸದ್ದು, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು. ಊರಿನ ಹೆಂಗಸರು ಬಾಗಿಲಿಗೆ ಬಂದು ನಿಂತರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬಾಕೆ ಒಳಗೆ ಹೋಗಿ ಒಂದು ಬೆಡ್‌ಶೀಟು ತಂದು ತೊಟ್ಟಿಯಲ್ಲಿ ಅದ್ದಿದಳು, ಅವಳ ಹಿಂದೆ ಇನ್ನೊಬ್ಬಳು ಬಂದಳು. ಮಾಯ್ ಜಗುಲಿಯಿಂದ ಏಳಲೇ ಇಲ್ಲ. ಕಣ್ಣು ಮುಚ್ಚಿ ಆ ಸದ್ದು ಕೇಳುತ್ತ ಕೂತಿದ್ದರು.

ಆ ವಾರ ನಾನು ದಿನಕ್ಕೆರಡು ಸಲ ಅಲ್ಲಿಗೆ ಹೋಗಿ ಬಂದೆ. ಬಾಲದ ವಿಷಯ ನೆನಪಾಗುತ್ತಿತ್ತು. ಮುಂದಿನ ಭಾನುವಾರ, ಎಂದುಕೊಳ್ಳುತ್ತಿದ್ದೆ.

ಗುರುವಾರ ಮಧ್ಯಾಹ್ನ ನಾಲ್ಕರ ಸುಮಾರಿಗೆ ಆಕಾಶ ಒಮ್ಮೆಲೇ ಕಪ್ಪಾಯಿತು. ಮಳೆಗೆ ಮುಂಚಿನ ಬಿರುಗಾಳಿ. ಮನೆಯ ಕಿಟಕಿ ಬಡಿದುಕೊಂಡಿತು. ಚಪ್ಪಲಿ ಸಿಕ್ಕಿಸಿಕೊಂಡು ರಿಕ್ಷಾ ಹಿಡಿದೆ. ಓಣಿಯ ಬಾಯಲ್ಲೇ ಸದ್ದು ಕೇಳಿಸಿತು. ಆ ಸಂದಿಯಿಂದ ನುಗ್ಗಿದ ಗಾಳಿಗೆ ಚಕ್ರ ರೆಕ್ಕೆಗಳೇ ಕಾಣದಷ್ಟು ವೇಗದಲ್ಲಿ ತಿರುಗುತ್ತಿತ್ತು. ಸರಳು ಹುಚ್ಚು ಹಿಡಿದಂತೆ ಕುಟ್ಟುತ್ತಿತ್ತು. ಗೋಪುರದ ಕಾಲುಗಳು ನಡುಗುತ್ತಿದ್ದವು. ಎಲ್ಲರೂ ಮನೆಯೊಳಗೆ ಹೋಗಿ ಎಂದು ಕೂಗಿದೆ. ಆಮೇಲೆ ಮಾಡಬಾರದ್ದನ್ನು ಮಾಡಿದೆ. ವೆಲ್ಡರರಿಗೆ ಫೋನು ಮಾಡಿದೆ.

ಹತ್ತು ನಿಮಿಷದಲ್ಲಿ ಸೈಕಲ್ ತುಳಿದುಕೊಂಡು ಬಂದರು. ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಗೋಪುರದ ಕಡೆ ನಡೆದರು.

"ಹತ್ಬೇಡಿ," ಎಂದೆ. "ಗಾಳಿ ಇಳೀಲಿ."

"ಅಷ್ಟರಾಗ ಮುರದು ಮನಿ ಮ್ಯಾಲ ಬೀಳತೈತ್ರಿ," ಎಂದು ಹತ್ತಿದರು.

ಬಾಲಕ್ಕೆ ಹಗ್ಗ ಕಟ್ಟಿ ಪಕ್ಕಕ್ಕೆ ಎಳೆದರೆ ಚಕ್ರ ಗಾಳಿಯಿಂದ ಹೊರಳುತ್ತದೆ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯಿತ್ತು. ಹಗ್ಗ ಕಟ್ಟಿ ತುದಿಯನ್ನು ಕೆಳಗೆಸೆದರು. ನಾನೂ ಹೊರಗೆ ಓಡಿಬಂದ ಮೂರು ಜನ ಗಂಡಸರೂ ಸೇರಿ ಎಳೆದೆವು. ಚಕ್ರ ಹೊರಳತೊಡಗಿತು. ಆಗ ಒಂದು ರೆಕ್ಕೆ ಕಿತ್ತು ಬಂತು. ನನಗೆ ಕಂಡದ್ದು ಅವರು ಎಡಗೈಯನ್ನು ಎದೆಗೆ ಒತ್ತಿಕೊಂಡದ್ದು ಮಾತ್ರ. ರೆಕ್ಕೆ ಕೋಳಿಗೂಡನ್ನು ಸೀಳಿಕೊಂಡು ಹೋಗಿ ಮಾಯಿಯ ಹಿತ್ತಿಲ ಗೋಡೆಗೆ ಬಡಿಯಿತು. ಅವರು ಒಂದೇ ಕೈಯಲ್ಲಿ ಆ ಮೂವತ್ತು ಅಡಿ ಇಳಿದು ಬಂದರು. ಕೊನೆಯ ಮೆಟ್ಟಿಲಲ್ಲಿ ಕೂತುಬಿಟ್ಟರು. ನನ್ನ ದುಪಟ್ಟಾದಲ್ಲಿ ಕೈ ಸುತ್ತಿ ಆಸ್ಪತ್ರೆಗೆ ಕರೆದೊಯ್ದೆ. ಎರಡು ಬೆರಳುಗಳ ನರ ತುಂಡಾಗಿತ್ತು. ಹೊಲಿದರು, ಕಟ್ಟಿದರು, ಮೂರು ತಿಂಗಳು ಈ ಕೈಯಲ್ಲಿ ಕೆಲಸ ಮಾಡಬಾರದು ಎಂದರು.

ಆಸ್ಪತ್ರೆಗೆ ಬಂದ ಅವರ ಹೆಂಡತಿ ಅಳಲಿಲ್ಲ. ನನ್ನನ್ನು ಕಾರಿಡಾರಿಗೆ ಕರೆದು ಸಣ್ಣ ದನಿಯಲ್ಲಿ ಹೇಳಿದಳು, "ಅಕ್ಕಾರ, ನೀವು ಕಲತವರು. ಅವರು ನೀವು ಕರದ್ರಿ ಅಂತ ಹ್ವಾದ್ರು. ಉಣ್ಣೂದು ಬಿಟ್ಟು ಹ್ವಾದ್ರು."

ನಾನು ಔಷಧಿಯ ಚೀಟಿ ಹಿಡಿದು ಬಿಲ್ಲು ಕಟ್ಟಲು ಕೆಳಗೆ ಹೋದೆ.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. "ಬಾಲದ ವಿಷಯ ನನಗೆ ಗೊತ್ತಿತ್ತು ಕಣ್ರೀ. ಗೊತ್ತಿದ್ದೂ ಬಿಟ್ಟೆ," ಎಂದೆ. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. "ಆತನ ಕೆಲಸ ಯಾರು ಮಾಡ್ತಾರೆ ಈಗ?" ಎಂದು ಕೇಳಿದರು.

ಆ ಪ್ರಶ್ನೆ ನನ್ನನ್ನು ಇಡೀ ರಾತ್ರಿ ಕಾಡಿತು. ಮರುದಿನ ಬೆಳಿಗ್ಗೆ ವರ್ಕ್‌ಶಾಪಿಗೆ ಹೋದೆ. ಅವರು ಕೈಯನ್ನು ಕೊರಳಿಗೆ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಮುಂದೆ ಅರ್ಧ ಬೆಸೆದ ಬಾಲ್ಕನಿ ಗ್ರಿಲ್.

"ಬಾಲ ಮಡಚಬೇಕು ಅಂತ ನನಗೆ ಗೊತ್ತಿತ್ತು," ಎಂದೆ, ನಿಂತಲ್ಲೇ.

"ನನಗೂ ಗೊತ್ತಿತ್ರಿ. ನಾನ ಕೇಳಿದ್ನಲ್ರಿ," ಎಂದರು. ಆಮೇಲೆ, "ಕುಂದರ್ರಿ," ಎಂದರು.

ಜೂನ್, ಜುಲೈ, ಆಗಸ್ಟ್, ಮಳೆಗಾಲ ಪೂರ್ತಿ ನಾನು ಅವರ ಎಡಗೈಯಾಗಿ ಕೆಲಸ ಮಾಡಿದೆ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಐದಕ್ಕೆ ಬರುತ್ತಿದ್ದೆ. ಅವರು ಬಲಗೈಯಲ್ಲಿ ಬೆಸೆಯುವಾಗ ನಾನು ಕಬ್ಬಿಣದ ಪಟ್ಟಿ ಹಿಡಿದುಕೊಳ್ಳಬೇಕು, ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು, ಅಳತೆ ಹೇಳಬೇಕು. ಮೊದಲ ವಾರ ಅವರಿಗೆ ನನ್ನಿಂದ ತೊಂದರೆಯೇ ಹೆಚ್ಚಾಯಿತು. ನಾನು ಒಂದು ಸಲ ಅಳೆದು ಗುರುತು ಹಾಕಿಬಿಡುತ್ತಿದ್ದೆ. ಅವರು ಮೂರು ಸಲ ಅಳೆಸುತ್ತಿದ್ದರು. ಮೂರನೆಯ ಸಲ ಅಳೆಯುವಾಗ ನನ್ನ ಕಾಲು ತಾನಾಗಿ ಕುಣಿಯುತ್ತಿತ್ತು. ಅವರಿಗೆ ಅದು ಕಾಣುತ್ತಿತ್ತು. ಹಿಡಿದ ಪಟ್ಟಿ ಕೂದಲೆಳೆ ಅಲುಗಿದರೆ ಮಾತ್ರ ವೆಲ್ಡಿಂಗ್ ನಿಲ್ಲಿಸಿ ಕಾಯುತ್ತಿದ್ದರು, ನಾನು ಸರಿಯಾಗುವ ತನಕ.

ಮಧ್ಯಾಹ್ನ ಅವರ ಹೆಂಡತಿ ರೊಟ್ಟಿ ತರುತ್ತಿದ್ದಳು. ಮೊದಲ ತಿಂಗಳು ಗಂಡನ ಡಬ್ಬಿಯನ್ನಷ್ಟೇ ಇಟ್ಟು ಹೋಗುತ್ತಿದ್ದಳು. ನಾನು ನನ್ನ ಡಬ್ಬಿಯ ಪಲ್ಯವನ್ನು ಮುಂದೆ ಸರಿಸಿದರೆ ನೋಡುತ್ತಿರಲಿಲ್ಲ. ಜುಲೈಯ ಒಂದು ದಿನ ಜೋರು ಮಳೆಗೆ ರಸ್ತೆಯ ನೀರು ಅಂಗಡಿಯೊಳಗೆ ನುಗ್ಗಿ, ಆಕೆಯೂ ನಾನೂ ಸೇರಿ ತಗಡು ಅಡ್ಡ ಹಿಡಿದು ಹಲಗೆ ಕೊಟ್ಟು ನಿಲ್ಲಿಸಿದೆವು. ಇಬ್ಬರ ಸೀರೆಯೂ ಮೊಣಕಾಲಿನ ತನಕ ಕೆಸರು. ಆಕೆ ನನ್ನ ಕಾಲು ನೋಡಿ ನಕ್ಕಳು. ಮರುದಿನ ಡಬ್ಬಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಇದ್ದವು.

ಗಾಂವಠಾಣದ ಕಡೆ ನಾನು ಹೋಗಲೇ ಇಲ್ಲ. ಚಕ್ರವನ್ನು ಹಗ್ಗ ಬಿಗಿದು ಕಟ್ಟಿಹಾಕಿದ್ದಾರೆ ಎಂದು ತಿಳಿದಿತ್ತು. ಮಾಯಿಯ ಗೋಡೆಗೆ ರೆಕ್ಕೆ ಬಡಿದ ಜಾಗವನ್ನು ನೋಡುವ ಧೈರ್ಯವಿರಲಿಲ್ಲ. ಅವರು ಒಂದು ಸಲ ಮೊಮ್ಮಗನ ಕೈಲಿ ಫೋನು ಮಾಡಿಸಿದರು, ನಾನು ಎತ್ತಲಿಲ್ಲ. ಆಗಸ್ಟಿನಲ್ಲಿ ಒಂದು ದಿನ ಸ್ವತಃ ರಿಕ್ಷಾದಲ್ಲಿ ವರ್ಕ್‌ಶಾಪಿಗೇ ಬಂದಿಳಿದರು.

"ಕೋಳಿ ಒಂದೂ ಸತ್ತಿಲ್ಲ," ಎಂದರು, ನಾನು ಏನೂ ಕೇಳುವ ಮೊದಲೇ. ಆಮೇಲೆ ವೆಲ್ಡರರ ಕೈಯನ್ನು ಹಿಡಿದು ತಿರುಗಿಸಿ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. "ತಪ್ಪು ನಮ್ಮದೂ ಇದೆ. ಮಳೆ ಬರುವ ಮೊದಲು ಬಾಲ ಮಡಚಿ ಕಟ್ಟಬೇಕು ಅಂತ ನನ್ನ ಮಾವ ಪ್ರತಿ ವರ್ಷ ಆಳು ಹತ್ತಿಸುತ್ತಿದ್ದರು. ನಾನು ಹೇಳಲಿಲ್ಲ. ಸದ್ದು ಕೇಳುತ್ತ ಕೂತುಬಿಟ್ಟೆ."

ಮಾಯ್ ಹೋದ ಮೇಲೆ, "ಮುಗಸೂಣ್ರಿ ಅಕ್ಕಾರ," ಎಂದರು ವೆಲ್ಡರ್.

"ನನಗೆ ಬೇಡ."

"ನಿಮಗ ಬ್ಯಾಡಾದ್ರ ಬಿಡ್ರಿ. ನಾ ಅರ್ಧಾ ಮಾಡಿದ ಕೆಲಸ ಯಾವೂ ಬಿಟ್ಟಿಲ್ಲ."

ಈ ಸಲ ಚಕ್ರ, ಬಾಲ ಸೇರಿ ಯಂತ್ರದ ಇಡೀ ತಲೆಯನ್ನೇ ಕೆಳಗಿಳಿಸಿದೆವು. ಬಾಲದ ಕೀಲನ್ನು ಸೀಮೆಎಣ್ಣೆಯಲ್ಲಿ ಒಂದು ವಾರ ನೆನೆಸಿ ಬಿಡಿಸಿದೆವು. ಹೊಸ ಸ್ಪ್ರಿಂಗ್ ಹಾಕಿದೆವು. ನೆಲದಲ್ಲೇ ನಿಂತು ಬಾಲ ಮಡಚಲು ಗೋಪುರದ ಬುಡದ ತನಕ ತಂತಿ ಇಳಿಸಿ ಹಿಡಿಕೆ ಕೂರಿಸಿದೆವು. ಪ್ರತಿ ರೆಕ್ಕೆಗೂ ಎರಡರ ಬದಲು ನಾಲ್ಕು ಬೋಲ್ಟು. ಮೂರು ಸಲ ಅಳೆದೇ ತೂತು ಕೊರೆದೆವು. ಪಕ್ಕದ ಟವರಿನಿಂದ ಇಬ್ಬರು ಬಂದು, ಇದು ಮತ್ತೆ ಹಾರಿ ಬಂದರೆ ಏನು ಗತಿ ಎಂದು ಕೇಳಿದರು. ಕೇಳುವುದು ನ್ಯಾಯವಾಗಿತ್ತು. ಹಿಡಿಕೆ ಎಳೆದರೆ ಚಕ್ರ ಹೇಗೆ ಹೊರಳಿ ನಿಲ್ಲುತ್ತದೆ ಎಂದು ಅವರ ಕೈಯಲ್ಲೇ ಎಳೆಸಿ ತೋರಿಸಿದೆ. ಅಕ್ಟೋಬರ್ ಕೊನೆಗೆ ಮತ್ತೆ ನೀರು ಬಂತು. ಈ ಸಲ ನನಗೆ ಸಂತೋಷಕ್ಕಿಂತ ಭಯ ಹೆಚ್ಚಿತ್ತು. ದಿನವೂ ಹೋಗಿ ಬೋಲ್ಟುಗಳನ್ನು ಮುಟ್ಟಿ ನೋಡುತ್ತಿದ್ದೆ.

ಮದುವೆಯ ಹಿಂದಿನ ಸಂಜೆ ಗಂಡನನ್ನೂ ಮಗಳನ್ನೂ ಕರೆದುಕೊಂಡು ಹೋದೆ. ವೆಲ್ಡರ್ ಹೆಂಡತಿಯೊಂದಿಗೆ ಮೊದಲೇ ಬಂದು ಹೊಸ ಅಂಗಿ ತೊಟ್ಟು ನಿಂತಿದ್ದರು. ಮಾಯ್ ಕೆಂಪು ಚೌಕುಳಿಯ ಸೀರೆಯನ್ನು ಹಳೆಯ ಕ್ರಮದಲ್ಲಿ ಕಚ್ಚೆ ಹಾಕಿ ಉಟ್ಟಿದ್ದರು. ಓಣಿಯ ಆ ತುದಿಯಿಂದ ಬ್ಯಾಂಡು ಹೊರಟಿತು. ಹೆಂಗಸರ ತಲೆಯ ಮೇಲೆ ಹಿತ್ತಾಳೆ ಕೊಡಗಳು, ಮದುಮಗನ ಮೇಲೆ ಅಲಂಕರಿಸಿದ ಛತ್ರಿ. ನಾನು ಅವರನ್ನು ನೋಡಲಿಲ್ಲ. ಚಕ್ರ ನೋಡುತ್ತಿದ್ದೆ.

ಒಂದೆಲೆಯೂ ಅಲುಗುತ್ತಿರಲಿಲ್ಲ. ಮಧ್ಯಾಹ್ನದ ತನಕ ಬೀಸುತ್ತಿದ್ದ ಗಾಳಿ ನಾಲ್ಕಕ್ಕೆ ನಿಂತುಹೋಗಿತ್ತು. ತೊಟ್ಟಿಯ ನೀರನ್ನು ಅಡುಗೆಯವರು ಆಗಲೇ ಖಾಲಿ ಮಾಡಿದ್ದರು. ಬ್ಯಾಂಡು ಬಾವಿಯ ತನಕ ಬಂತು, ಒಂದು ಹಾಡು ಮುಗಿಸಿ ಇನ್ನೊಂದು ಶುರುಮಾಡಿತು. ನಾನು ಗೋಪುರದ ಬುಡಕ್ಕೆ ಹೋದೆ, ಹಿಡಿಕೆ ಸಡಿಲವಿದೆಯೇ ನೋಡಿದೆ, ಮತ್ತೆ ಬಂದೆ, ಮತ್ತೆ ಹೋದೆ. ಹತ್ತಿ ಕೈಯಲ್ಲೇ ತಿರುಗಿಸಿಬಿಡೋಣ ಎನ್ನಿಸಿತು. ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟೂ ಇಟ್ಟೆ.

"ಅಕ್ಕಾರ," ಎಂದರು ವೆಲ್ಡರ್ ಹಿಂದಿನಿಂದ. "ಇಳೀರಿ."

ಮಾಯ್ ನನ್ನ ಹತ್ತಿರ ಬಂದರು. "ಯಾಕೆ ಹೀಗೆ ಬೆವರ್ತಿದ್ದೀಯ?"

"ಗಾಳಿ ಇಲ್ಲ ಮಾಯ್. ನಿಮ್ಮ ಮದುವೇಲಿ ಬಂದ ಹಾಗೆ ನೀರು ಬರಬೇಕಿತ್ತು."

"ನನ್ನ ಮದುವೇಲಿ ಎಲ್ಲಿತ್ತು ಗಾಳಿ? ಹಗ್ಗ ಹಾಕಿಯೇ ಸೇದಿದ್ದು. ನನ್ನ ಅತ್ತೆಯ ಮದುವೇಲೂ ಅಷ್ಟೇ ಅಂತೆ. ನವೆಂಬರಿನ ಸಂಜೆ ಇಲ್ಲಿ ಗಾಳಿ ಇರೋದೇ ಕಡಿಮೆ." ಅವರು ಮಗನಿಗೆ ಹಗ್ಗ ತರಲು ಹೇಳಿದರು.

ನನಗೆ ಸಿಟ್ಟು ಬಂತು. "ಮತ್ತೆ ಇದನ್ನು ಯಾಕೆ ತಿರುಗಿಸಬೇಕಿತ್ತು ನಿಮಗೆ?"

ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲವೇನೋ ಎನ್ನುವ ಹಾಗೆ ನೋಡಿದರು. "ಇದು ನಿಂತ ಮೇಲೆ ಹೆಂಗಸರು ಬಾವಿಗೆ ಬರೋದೇ ನಿಂತುಹೋಗಿತ್ತು ಮಗಳೇ. ನನ್ನ ಸೊಸೆ ಪಕ್ಕದ ಮನೆಯವಳ ಜೊತೆ ಮಾತಾಡಿ ಎಷ್ಟು ವರ್ಷವಾಗಿತ್ತು ಗೊತ್ತಾ? ಈಗ ನೋಡು," ಎಂದರು. ಸೊಸೆಯೂ ಪಕ್ಕದ ಮನೆಯವಳೂ ಒಂದೇ ಹಗ್ಗ ಹಿಡಿದು ಕೊಡ ಸೇದುತ್ತಿದ್ದರು.

ಮೊದಲ ಕೊಡ ಮೇಲೆ ಬಂತು. ನನ್ನ ಮಗಳನ್ನೂ ಹಗ್ಗಕ್ಕೆ ಕರೆದರು. ಅವಳಿಗೆ ಸೇದಲು ಬಾರದೆ ಅರ್ಧ ನೀರು ಚೆಲ್ಲಿ, ಪಕ್ಕದಲ್ಲಿದ್ದ ಹೆಂಗಸರೆಲ್ಲ ನಕ್ಕರು, ಅವಳೂ ನಕ್ಕಳು. ವೆಲ್ಡರರ ಹೆಂಡತಿ ಒಂದೂ ಹನಿ ಚೆಲ್ಲದೆ ಸೇದಿದಳು. ನಾನು ಕೊನೆಯ ತನಕ ಕತ್ತೆತ್ತಿ ನೋಡುತ್ತಲೇ ಇದ್ದೆ, ಗಾಳಿ ಬರಲಿಲ್ಲ.

ಮರುದಿನ ಊರಿಗೆ ಊರೇ ಮದುವೆಗೆಂದು ಇಗರ್ಜಿಗೆ ಹೋಗಿತ್ತು. ನಾನೂ ಗಂಡನೂ ಊಟಕ್ಕೆಂದು ಸ್ವಲ್ಪ ಮುಂಚೆ ಹೋದೆವು. ಓಣಿಯಲ್ಲಿ ಯಾರೂ ಇರಲಿಲ್ಲ. ಮಿಠಾಗರಿನ ಕಡೆಯಿಂದ ಒಳ್ಳೆಯ ಗಾಳಿ ಬೀಸುತ್ತಿತ್ತು, ಚಕ್ರ ಒಂದೇ ಹದದಲ್ಲಿ ತಿರುಗುತ್ತಿತ್ತು, ತೊಟ್ಟಿ ತುಂಬಿ ನೀರು ಓಣಿಗೆಲ್ಲ ಹರಿದಿತ್ತು. ಗಂಡ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, "ಇದನ್ನ ನಿಲ್ಸೋದು ಹೇಗೆ?" ಎಂದರು. ಹಿಡಿಕೆ ತೋರಿಸಿದೆ. ಎಳೆದರು. ಬಾಲ ಮಡಚಿಕೊಂಡಿತು, ಚಕ್ರ ನಿಧಾನವಾಗಿ ನಿಂತಿತು.

ಇದೆಲ್ಲ ಆಗಿ ಐದು ತಿಂಗಳಾಯಿತು. ವೆಲ್ಡರರ ಒಂದು ಬೆರಳು ಮಡಚುತ್ತದೆ, ಇನ್ನೊಂದು ಮಡಚುವುದಿಲ್ಲ. ನಾನು ಈಗಲೂ ವಾರದಲ್ಲಿ ಮೂರು ದಿನ ವರ್ಕ್‌ಶಾಪಿಗೆ ಹೋಗುತ್ತೇನೆ. ಉಳಿದ ದಿನ ಈಗಲೂ ಮನೆಯಲ್ಲಿ ಕೂರಲಾಗುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಹೋದ ವಾರ ವಸಾಯಿಯಿಂದ ಒಬ್ಬರು ಮಾಯಿಯ ನೆಂಟರ ಮೂಲಕ ವಿಚಾರಿಸಿಕೊಂಡು ವರ್ಕ್‌ಶಾಪಿಗೆ ಬಂದರು. ಅವರ ತೋಟದ ಬಾವಿಯ ಮೇಲೂ ಇಂಥದ್ದೇ ಒಂದು ನಿಂತಿದೆಯಂತೆ. ನಾನು ಆಗಲೇ ಎದ್ದು ಬ್ಯಾಗು ಹುಡುಕುತ್ತಿದ್ದೆ.

ವೆಲ್ಡರ್ ಗ್ರಿಲ್‌ನಿಂದ ತಲೆ ಎತ್ತಲಿಲ್ಲ. "ನೋಡಿ ಬರೂಣ್ರಿ ಐತವಾರ," ಎಂದರು. "ಕೈ ಹಚ್ಚೂದು ಆಮ್ಯಾಲ."